ಹಿತ್ತಲ ನಾಯಿ ದೊಡ್ಡಿ: ಎರೆಗೆ ಯಾವುದು, ಮಸಾರಿಗೆ ಯಾವುದು

ಹುಬ್ಬಳ್ಳಿ-ಧಾರವಾಡದಲ್ಲಿ ಹಿತ್ತಲಿಗೆ ನಾಯಿ ದೊಡ್ಡಿ ಮಾಡಿಸಲು ಹೊರಟವರ ಮುಂದೆ ಮೂರು ದಾರಿ ಇವೆ. ಆನ್‌ಲೈನಿನಲ್ಲಿ ತರಿಸಿ ಮನೆಯಲ್ಲೇ ಜೋಡಿಸುವ ಕಿಟ್ಟು ಒಂದು. ಹೊಲಕ್ಕೆ, ಖಾಲಿ ಪ್ಲಾಟಿಗೆ ಬೇಲಿ ಹಾಕುವವರು ಬಿಗಿದು ಕೊಡುವ ಚೈನ್‌ಲಿಂಕ್ ಜಾಳಿಗೆ ಎರಡನೆಯದು. ಗೋಕುಲ ರಸ್ತೆ, ತಾರಿಹಾಳದ ಕಡೆಯ ವೆಲ್ಡಿಂಗ್ ಅಂಗಡಿಗಳಲ್ಲಿ ಅಳತೆ ಕೊಟ್ಟು ಮಾಡಿಸುವ ಚೌಕಟ್ಟಿನ ಪ್ಯಾನೆಲ್ ಮೂರನೆಯದು. ಯಾವುದು ಚಲೋ ಎಂದು ಕೇಳಿದರೆ ಅಂಗಡಿಯವರ ಮಾತು ಸೀದಾ ತಂತಿಯ ಗೇಜಿಗೆ, ಅಂದರೆ ದಪ್ಪದ ಅಳತೆಗೆ ಹೋಗುತ್ತದೆ. ಗೇಜಿನ ಮಾತು ಆಮೇಲೆ. ಈ ಭಾಗದಲ್ಲಿ ದೊಡ್ಡಿ ಹಾಳಾಗುವುದು ಹೆಚ್ಚಾಗಿ ಜಾಳಿಗೆ ಹರಿದಲ್ಲ, ಕಂಬ ವಾಲಿ. ಕಂಬ ವಾಲಿದರೆ ಬಾಗಿಲು ಕೂಡುವುದಿಲ್ಲ, ಬಾಗಿಲು ಕೂಡದಿದ್ದರೆ ನಾಯಿ ಓಣಿಯಲ್ಲಿ. ಆದ್ದರಿಂದ ಮೊದಲು ನೋಡಬೇಕಾದದ್ದು ಕಾಲಡಿಯ ಮಣ್ಣು: ಕಪ್ಪು ಜಿಗುಟು ಎರೆಯೋ, ಕೆಂಪು ಮಸಾರಿಯೋ.

ನವಲಗುಂದ, ಅಣ್ಣಿಗೇರಿ, ನರಗುಂದ, ರೋಣದ ಕಡೆ ಬಹುಪಾಲು ಎರೆ. ಕಲಘಟಗಿ, ಹಾನಗಲ್ಲ, ಶಿಗ್ಗಾಂವಿ ಸುತ್ತ ಮತ್ತು ಕಪ್ಪತಗುಡ್ಡದ ಸೆರಗಿನ ಶಿರಹಟ್ಟಿ, ಮುಂಡರಗಿಯಲ್ಲಿ ಕೆಂಪು ಮಸಾರಿ ಹೆಚ್ಚು. ಅವಳಿ ನಗರದ ಒಳಗೆ ಓಣಿಗೊಂದು ನಮೂನೆ, ಅದರ ಮೇಲೆ ಲೇಔಟಿನವರು ತಂದು ಸುರಿದ ಮಣ್ಣು ಬೇರೆ. ಹಾಗಾಗಿ ಊರ ಹೆಸರು ನಂಬಬೇಡಿ, ಒಂದು ಅಡಿ ಕೆಳಗಿನ ಮಣ್ಣು ತೆಗೆದು ನೀರು ಚಿಮುಕಿಸಿ ಅಂಗೈಯಲ್ಲಿ ಹುರಿ ಹೊಸೆಯಿರಿ. ಪೆನ್ಸಿಲಿಗಿಂತ ಸಣ್ಣಗೆ ಹೊಸೆದರೂ ತುಂಡಾಗದಿದ್ದರೆ ಎರೆ. ಹೊಸೆಯುವಾಗಲೇ ಪುಡಿಯಾದರೆ ಮಸಾರಿ ಅಥವಾ ಗರಸು (ಸಣ್ಣ ಕಲ್ಲು ಬೆರೆತ ಒರಟು ಮಣ್ಣು). ಬೇಸಿಗೆಯಲ್ಲಾದರೆ ಈ ಪರೀಕ್ಷೆಯೂ ಬೇಡ, ಎರೆ ತಾನೇ ಬಾಯಿಬಿಟ್ಟಿರುತ್ತದೆ.

ಎರೆ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ತೇವದ ಈ ಏರಿಳಿತ ಸುಮಾರು 3.5 ಮೀಟರ್ ಆಳದವರೆಗೆ ಇರುತ್ತದೆಂದೇ ಎರೆಯಲ್ಲಿ ಮನೆ ಕಟ್ಟುವವರು ಅಷ್ಟು ಕೆಳಗಿಳಿಯುವ, ಬುಡ ಅಗಲವಾದ ಪೈಲ್ (ನೆಲದೊಳಗಿನ ಕಾಂಕ್ರೀಟ್ ಕಂಬ) ಹಾಕುವುದುಂಟು. ಬೇಲಿ ಕಂಬದ ಕುಣಿ ಇರುವುದು ಎರಡು-ಎರಡೂವರೆ ಅಡಿ. ಅಂದರೆ ಕಂಬ ಬುಡದಿಂದ ತುದಿಯವರೆಗೆ ಅಲುಗಾಡುವ ಮಣ್ಣಿನಲ್ಲೇ ನಿಂತಿರುತ್ತದೆ. “ಎರಡು ಫೂಟು ಸಾಕ್ರೀ, ಕಾಂಕ್ರೀಟ್ ಹಾಕಿರ್ತೀವಲ್ಲ” ಎಂಬ ಗೌಂಡಿಯ ಮಾತು ಮಸಾರಿಯಲ್ಲಿ ಹೆಚ್ಚುಕಡಿಮೆ ಸರಿ. ಎರೆಯಲ್ಲಿ ಅದೇ ಕಾಂಕ್ರೀಟ್ ಗುಂಡನ್ನು ಮಣ್ಣು ಮಳೆಗಾಲದಲ್ಲಿ ಬಿಗಿಯಾಗಿ ಹಿಡಿದು ಮೇಲಕ್ಕೆತ್ತುತ್ತದೆ, ಬೇಸಿಗೆಯಲ್ಲಿ ಬಿಟ್ಟುಕೊಡುತ್ತದೆ. ಎತ್ತಿದಷ್ಟು ಇಳಿಯುವುದಿಲ್ಲ, ಕೆಳಗೆ ಉಳಿದ ಸಂದಿಗೆ ಮಣ್ಣು ಉದುರಿರುತ್ತದೆ. ಒಂದು ಕಂಬ ಒಂದಿಂಚು, ಪಕ್ಕದ್ದು ಅರ್ಧ ಇಂಚು: ಬಾಗಿಲ ಚೌಕಟ್ಟು ಸೊಟ್ಟಾಗಲು ಅಷ್ಟು ಸಾಕು.

ಮುಂದಿನ ಲೆಕ್ಕವೆಲ್ಲ 15 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಎತ್ತರದ ದೊಡ್ಡಿಯದು. ಮುಧೋಳ, ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಗಾತ್ರದ ಒಂದು ನಾಯಿಗೆ. ಅಷ್ಟೇ ಜಾಗ ಚೌಕವಾಗಿದ್ದರೆ ಒಂಬತ್ತೂವರೆ ಅಡಿಗೆ ಓಟ ಮುಗಿಯುತ್ತದೆ. ನಾಯಿ ಬೇಲಿಗುಂಟ ಓಡುವ ಪ್ರಾಣಿ, ಉದ್ದವೇ ಮುಖ್ಯ. ದೊಡ್ಡಿ ಮಾಡಿಸಿದೆವು, ಇನ್ನು ನಾಯಿಯನ್ನು ಹೊರಗೆ ಕರೆದೊಯ್ಯುವ ಕೆಲಸ ತಪ್ಪಿತು ಎನ್ನುವವರಿಗೆ ಒಂದು ಮಾತು: ಸದಾ ಕಟ್ಟಿಹಾಕಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಹಾಕಿದ ನಾಯಿಗೆ ಸಾಕಷ್ಟು ಓಡಾಟ ಕೊಡದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಅಪರಾಧ.

ಕಿಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡರಿಂದ ಮೂರೂವರೆ ಅಡಿ ಎತ್ತರದ, ಬೆರಳಿಗಿಂತ ಸಣ್ಣ ಪೈಪಿನ, ಕಪ್ಪು ಪೌಡರ್ ಬಣ್ಣದ ಮಡಚುವ ಫಲಕಗಳು. ನೆಲಕ್ಕೆ ಚುಚ್ಚಲು ಗೇಣುದ್ದದ ಸರಳು ಜೊತೆಗೆ ಬರುತ್ತವೆ. ಪಡಸಾಲೆಯಲ್ಲಿ ಮೂರು-ನಾಲ್ಕು ತಿಂಗಳ ಮರಿಗೆ ತಕರಾರಿಲ್ಲ. ಹೊರಗೆ ಹಾಕಿದರೆ ಚೈತ್ರದ ಬಿಸಿಲಿಗೆ ಎರೆ ಬಿರಿದು ಸರಳು ಸಡಿಲಾಗುತ್ತವೆ, ಆಷಾಢದ ಕೆಸರಿನಲ್ಲಿ ಹಿಡಿತವೇ ಇರುವುದಿಲ್ಲ. ಬೆಸುಗೆಯ ಕಡೆ ಪೌಡರ್ ಸುಲಿದಲ್ಲಿ ತುಕ್ಕು ಮೊದಲ ಮಳೆಗಾಲಕ್ಕೇ ಶುರು. ಐದಡಿ ಕಾಂಪೌಂಡ್ ಗೋಡೆಯನ್ನೇ ಲೆಕ್ಕಕ್ಕಿಡದ ಮುಧೋಳ ನಾಯಿಗೆ ಮೂರೂವರೆ ಅಡಿ ಎಂದರೆ ಹೊಸ್ತಿಲು. ಐದಕ್ಕೆ ಒಂದೂವರೆ ಅಂಕ, ಅದೂ ಮರಿಯ ಸಲುವಾಗಿ.

ಚೈನ್‌ಲಿಂಕ್ ಮಸಾರಿ ನೆಲದವರಿಗೆ ನಿಜಕ್ಕೂ ಒಳ್ಳೆಯ ಸರಕು. ಕೆಲಸ ಬೇಗ, ತಂಡಗಳು ಎಲ್ಲ ಊರಲ್ಲೂ ಸಿಗುತ್ತವೆ. ತಗಾದೆ ಬರುವುದು ತಂತಿಯ ದಪ್ಪದಲ್ಲಿ. 10 ಗೇಜ್ ಅಂದರೆ 3.25 ಮಿಲಿಮೀಟರ್, 12 ಅಂದರೆ 2.64, ಸಂಖ್ಯೆ ಏರಿದಷ್ಟೂ ತಂತಿ ಸಣ್ಣ. ಕಣ್ಣಳತೆಗೆ ಈ ಫರಕು ಸಿಗುವುದಿಲ್ಲ, ತಕ್ಕಡಿಗೆ ಸಿಗುತ್ತದೆ. 2 ಇಂಚು ಕಣ್ಣಿನ, 6 ಅಡಿ ಎತ್ತರದ, 50 ಅಡಿಯ ಸುರುಳಿ 10 ಗೇಜಿನದಾದರೆ ಸುಮಾರು 75ರಿಂದ 80 ಕೆಜಿ ತೂಗಬೇಕು. 12 ಗೇಜಿನದು 50-55ಕ್ಕೆ ನಿಲ್ಲುತ್ತದೆ. 10 ಗೇಜಿನ ದರಕ್ಕೆ 60 ಕೆಜಿಯ ಸುರುಳಿ ಬಂದರೆ ಇಳಿಸಿಕೊಳ್ಳಬೇಡಿ. ಹಸಿರು ಪ್ಲಾಸ್ಟಿಕ್ ಹೊದಿಸಿದ ಜಾಳಿಗೆಯಲ್ಲಿ ಪ್ಲಾಸ್ಟಿಕ್ ಸೇರಿಸಿ ಗೇಜು ಹೇಳುವುದು ಮಾಮೂಲಿ. ತುದಿ ಸುಲಿದು ಒಳಗಿನ ತಂತಿ ಅಳೆಯಿರಿ. ಕಚ್ಚುವ ಚಟದ ನಾಯಿ ಇದ್ದರೆ ಆ ಹಸಿರು ಹೊದಿಕೆ ಹೊಟ್ಟೆಗೇ ಹೋಗುತ್ತದೆ, ಬರೀ ಸತುವು ಲೇಪಿಸಿದ್ದೇ ಮೇಲು. ಬಿಲ್ಲಿನಲ್ಲಿ ಚೈನ್‌ಲಿಂಕ್ ಜಾಳಿಗೆಯ ಭಾರತೀಯ ಮಾನಕವಾದ ಐಎಸ್ 2721 ಎಂದು ಬರೆಸಿಕೊಂಡರೆ ಆಮೇಲೆ ಜಗಳವಾಡಲು ಒಂದು ಆಧಾರ ಇರುತ್ತದೆ. ಇನ್ನೊಂದು: ಸುರುಳಿಯ ಎರಡೂ ಅಂಚು ಮಡಚಿದ್ದಿರಬೇಕು. ಹೊಲದ ಬೇಲಿಗೆ ಬರುವ, ತಿರುಚಿ ಮುಳ್ಳು ಬಿಟ್ಟ ಅಂಚು ನಾಯಿಯ ಮೂಗು, ಪಾದ ಸೀಳುತ್ತದೆ.

ಕಂಬಕ್ಕೆ 50×50×6 ಮಿಲಿಮೀಟರಿನ ಅಂಗಲ್ (ಎಲ್ ಆಕಾರದ ಕಬ್ಬಿಣ) ಅಥವಾ ಒಂದೂವರೆ ಇಂಚಿನ ಜಿಐ (ಸತುವು ಲೇಪಿಸಿದ) ಪೈಪು, 8.5 ಅಡಿ ಉದ್ದ. ಮೂಲೆಗೆ 4, ಉದ್ದ ಬದಿಗಳ ನಡುವೆ 2, ಬಾಗಿಲಿಗೆ 1 ಸೇರಿ 7 ಕಂಬ. ಒಂದಡಿ ಅಗಲ, ಎರಡೂವರೆ ಅಡಿ ಆಳದ 7 ಕುಣಿಗೆ 1:2:4 (ಸಿಮೆಂಟ್, ಉಸುಕು, ಖಡಿ) ಕಾಂಕ್ರೀಟಿನಲ್ಲಿ 3 ಚೀಲ ಸಿಮೆಂಟ್ ಹಿಡಿಯುತ್ತದೆ. ಉಸುಕು 6-7 ಘನ ಅಡಿ, ಖಡಿ 12-13. ಮಸಾರಿಯಲ್ಲಿ ಕಾಂಕ್ರೀಟಿನ ತಲೆಯನ್ನು ನೆಲಕ್ಕಿಂತ ಎರಡಿಂಚು ಎತ್ತರಿಸಿ ಗುಮ್ಮಟದ ಹಾಗೆ ಮಾಡಿದರೆ ನೀರು ಬುಡದಲ್ಲಿ ನಿಲ್ಲದು. ಎರೆಯಲ್ಲಿ ಇದೇ ತಪ್ಪು. ಮೇಲೆ ಅಗಲವಾದ ಕಾಂಕ್ರೀಟ್ ಅಣಬೆಯ ಕೊಡೆಯಿದ್ದಂತೆ, ಉಬ್ಬುವ ಮಣ್ಣಿಗೆ ಅದೇ ಹಿಡಿಕೆ. ಎರೆಯಲ್ಲಿ ಕಂಬ ನೆಡಲೇಬೇಕಾದರೆ ಕುಣಿ ಮೂರೂವರೆ ಅಡಿಗೆ ಇಳಿಸಿ, ಬುಡ ಅಗಲ ಮಾಡಿ, ಮೇಲಿನ ಎರಡಡಿ ಸುತ್ತ ಮೂರಿಂಚು ಉಸುಕು ತುಂಬಿಸಿ. ಆಗಲೂ ಅಲುಗಾಟ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ.

ತಂಡದವರ ಎರಡು ಅವಸರಗಳನ್ನು ತಡೆಯಬೇಕು. ಇವತ್ತು ಕಾಂಕ್ರೀಟ್, ನಾಳೆ ಜಾಳಿಗೆ ಎನ್ನುತ್ತಾರೆ. ಏಳು ದಿನ ನೀರುಣಿಸದೆ ಬಿಗಿದರೆ ಮೂಲೆ ಕಂಬ ಒಳಕ್ಕೆ ಎಳೆಯುತ್ತದೆ. ಇನ್ನೊಂದು, ಮೂಲೆಗೆ ಓರೆ ಆಸರೆ ಬಿಡುವುದು. ನಾಲ್ಕೂ ಮೂಲೆಗೆ ಆಸರೆ, ಮೇಲೆ-ನಡುವೆ-ಕೆಳಗೆ ಮೂರು ಸಾಲು 8 ಗೇಜ್ ತಂತಿ, ಪ್ರತಿ ಸಾಲಿಗೆ ಬಿಗಿಯುವ ತಿರುಪು ಇರಲೇಬೇಕು. ಕೆಳಸಾಲು ಸಡಿಲಿದ್ದರೆ ಲ್ಯಾಬ್ರಡಾರ್ ಮೂಗಿನಿಂದ ಜಾಳಿಗೆ ಎತ್ತಿ ನುಸುಳುತ್ತದೆ. ಚೈನ್‌ಲಿಂಕಿನ ಹುಟ್ಟುಗುಣವೂ ನೆನಪಿರಲಿ: ವಜ್ರಾಕಾರದ ಕಣ್ಣು ನಾಯಿಯ ಪಾದಕ್ಕೆ ಏಣಿ, ಒಂದು ತಂತಿ ತುಂಡಾದರೆ ಸ್ವೆಟರ್ ಬಿಚ್ಚಿದಂತೆ ಮೇಲಿನವರೆಗೆ ಬಿಚ್ಚುತ್ತದೆ. ಮೇಲ್ಗಡೆ ಒಂದೂವರೆ ಅಡಿ ಒಳಬಾಗಿಸಿದ ಜಾಳಿಗೆ ಇಲ್ಲದೆ ಮುಧೋಳದ ಮಟ್ಟಿಗೆ ಇದು ಪೂರ್ತಿಯಾಗದು. ಮಸಾರಿಯಲ್ಲಿ ನಾಲ್ಕು ಅಂಕ, ಎರೆಯಲ್ಲಿ ಎರಡು.

ಎರೆಗೆ ನಮ್ಮ ಆಯ್ಕೆ ವೆಲ್ಡಿಂಗ್ ಪ್ಯಾನೆಲ್. ಇದರ ಗುಟ್ಟು ಇಷ್ಟೇ: ನೆಲದಲ್ಲಿ ಏನನ್ನೂ ಹುಗಿಯುವುದಿಲ್ಲ. ಹತ್ತು ಪ್ಯಾನೆಲ್ ಒಂದಕ್ಕೊಂದು ಬೋಲ್ಟ್ ಹಾಕಿ ಪೆಟ್ಟಿಗೆಯಂತೆ ನಿಲ್ಲಿಸಿ, ಗರಸಿನ ಹಾಸಿಗೆಯ ಮೇಲೆ ಪರಸಿ (ಚಪ್ಪಟೆ ಹಾಸುಗಲ್ಲು) ತುಂಡುಗಳಲ್ಲಿ ಕೂರಿಸುವುದು. ನೆಲ ಉಬ್ಬಿದರೆ ಪೆಟ್ಟಿಗೆಯೂ ಏರುತ್ತದೆ, ಕುಗ್ಗಿದರೆ ಇಳಿಯುತ್ತದೆ. ಒಂದು ಮೂಲೆ ಹೆಚ್ಚು ಕುಸಿದರೆ ಹಾರಿಯಿಂದ ಮೀಟಿ ಅಡಿಗೆ ಕಲ್ಲಿನ ಚಕ್ಕೆ ಕೊಟ್ಟರಾಯಿತು. ಹುಗಿದ ಕಂಬಕ್ಕೆ ಈ ಔಷಧ ಇಲ್ಲ.

ಉದ್ದ ಬದಿಗೆ 5 ಅಡಿಯ ಮೂರು ಮೂರು, ಅಡ್ಡ ಬದಿಗೆ 3 ಅಡಿಯ ಎರಡೆರಡು ಪ್ಯಾನೆಲ್. ಅಡ್ಡದ ಒಂದರಲ್ಲಿ ಬಾಗಿಲು. ಚೌಕಟ್ಟಿಗೆ 32 ಮಿಲಿಮೀಟರ್ ಚೌಕ ಪೈಪು, 14 ಗೇಜ್. ಇಲ್ಲಿಯೂ ತಕ್ಕಡಿಯೇ ಸಾಕ್ಷಿ: 20 ಅಡಿಯ ಒಂದು ಪೈಪು 14 ಗೇಜಿನದು ಹೆಚ್ಚುಕಡಿಮೆ 11 ಕೆಜಿ, 18 ಗೇಜಿನದು 7. ಜಾಳಿಗೆ 2×2 ಇಂಚಿನ 10 ಗೇಜ್ ವೆಲ್ಡ್ ಮೆಶ್. ಪ್ರತಿ ಪ್ಯಾನೆಲಿಗೆ ನಡುವೆ ಒಂದು ಅಡ್ಡಪಟ್ಟಿ ಸೇರಿದರೆ 5 ಅಡಿಯದು ಸುಮಾರು 22 ಕೆಜಿ, 3 ಅಡಿಯದು 16. ಬಾಗಿಲಿನ ಹೆಚ್ಚುವರಿ ಸೇರಿ ಒಟ್ಟು 205 ಕೆಜಿ ಆಸುಪಾಸು. ಅಂಗಡಿಗಳು ಕೆಜಿ ಲೆಕ್ಕದಲ್ಲಿ ದರ ಹೇಳುವುದರಿಂದ ಈ ಅಂಕಿ ಕೈಯಲ್ಲಿಟ್ಟುಕೊಂಡೇ ಚೌಕಾಸಿಗೆ ಕೂರಿ. 150 ಕೆಜಿಯಲ್ಲಿ ಮುಗಿಸುತ್ತೇನೆ ಎಂದವರು ಪೈಪಿನಲ್ಲಿ ತೆಗೆಯುತ್ತಾರೆ, 280 ಎಂದವರು ಬೇಡದ ಕಡೆ ಅಂಗಲ್ ತುಂಬುತ್ತಾರೆ.

ವೆಲ್ಡಿಂಗ್ ಅಂಗಡಿಯ ಕೆಲಸದಲ್ಲಿ ಮತ್ತೆ ಮತ್ತೆ ಕಾಣುವ ದೋಷ ಒಂದಿದೆ. ಕಿಟಕಿ, ಗೇಟು ಮಾಡಿ ರೂಢಿಯಾದ ಕೈ ಜಾಳಿಗೆಯನ್ನು ಅಂದಕ್ಕೆಂದು ಹೊರಮುಖಕ್ಕೆ ಹಚ್ಚುತ್ತದೆ. ನಾಯಿ ಒಳಗಿನಿಂದ ನೆಗೆದು ಗುದ್ದುವುದು. ಪ್ರತಿ ಗುದ್ದೂ ಬೆಸುಗೆಯನ್ನು ಕೀಳುತ್ತದೆ. ಜಾಳಿಗೆ ಚೌಕಟ್ಟಿನ ಒಳಮುಖಕ್ಕೆ ಬಂದರೆ ಅದೇ ಗುದ್ದು ಅದನ್ನು ಚೌಕಟ್ಟಿಗೆ ಒತ್ತುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಚೀಟಿಯಲ್ಲಿ ಚಿತ್ರ ಬರೆದು ಕೊಡಿ. ಜಾಳಿಗೆಯ ಪ್ರತಿ ಎರಡನೇ ತಂತಿಗಾದರೂ ಬೆಸುಗೆ ಬೀಳಬೇಕು. ಅಂಚಿನ ತಂತಿ ತುದಿಗಳ ಮೇಲೆ ಮುಕ್ಕಾಲು ಇಂಚಿನ ಪಟ್ಟಿ ಹೊಡೆಸಿ. ಬೆಸುಗೆ ಹಾಕಿದಲ್ಲಿ ಸತುವಿನ ಲೇಪ ಸುಟ್ಟಿರುತ್ತದೆ, ಅಲ್ಲಿ ಸತುವು ತುಂಬಿದ ಬಣ್ಣ ಬಳಿಸದೆ ಬರೀ ಬೆಳ್ಳಿ ಬಣ್ಣ ಹೊಡೆದರೆ ಅದು ಮದುವೆಮನೆ ಅಲಂಕಾರ. ಕೆಲಸ ಮುಗಿದ ದಿನ ಅಯಸ್ಕಾಂತ ಹಿಡಿದು ನೆಲವೆಲ್ಲ ಆಡಿಸಿ. ಜಿಐ ತಂತಿಯ ಚೂರು ನುಂಗಿದ ಮರಿಗೆ ಸತುವಿನ ನಂಜು ಏರುತ್ತದೆ.

ಜೋಡಣೆಗೆ ಪ್ರತಿ ಸಂದಿಗೆ ಮೂರರಂತೆ 30 ಬೋಲ್ಟ್, 10 ಮಿಲಿಮೀಟರ್ ದಪ್ಪ, 80 ಉದ್ದ. ಗುಂಡು ತಲೆ ಒಳಗೆ, ನಟ್ಟು ಹೊರಗೆ. ತೂತು 12 ಮಿಲಿಮೀಟರ್ ಇರಲಿ, ನೆಲ ಆಡಿದಾಗ ಸಂದಿಗೆ ಅಷ್ಟು ಅವಕಾಶ ಬೇಕು. ಪೈಪಿನ ಕೆಳಭಾಗಕ್ಕೆ ನೀರಿಳಿಯಲು ಸಣ್ಣ ತೂತು ಹಾಕಿಸದಿದ್ದರೆ ತುಕ್ಕು ಒಳಗಿನಿಂದ ತಿನ್ನುತ್ತದೆ. ಉದ್ದ ಬದಿಗಳು ಹೊರಕ್ಕೆ ಉಬ್ಬದಂತೆ ಮೇಲೆ ಎರಡು ಅಡ್ಡ ಪೈಪು. ಕಾಂಪೌಂಡ್ ಗೋಡೆಗೆ ಅಂಟಿಸಿ ನಿಲ್ಲಿಸಬೇಡಿ. ಗೋಡೆ ಒಂದು ಲಯದಲ್ಲಿ ಆಡುತ್ತದೆ, ಪೆಟ್ಟಿಗೆ ಇನ್ನೊಂದರಲ್ಲಿ. ಕಸಬರಿಗೆ ಆಡುವಷ್ಟು, ಒಂದಡಿ ಸಂದು ಬಿಡಿ.

ಪೆಟ್ಟಿಗೆ ಹಗುರವಲ್ಲವೇ, ಗಾಳಿಗೆ ಹಾರದೇ ಎಂಬ ಪ್ರಶ್ನೆ ಸರಿಯಾದದ್ದೇ. ಬರೀ ಜಾಳಿಗೆಗೆ ಗಾಳಿ ತಾಕುವುದಿಲ್ಲ, ಮೇಲಿನ ತಗಡಿಗೆ ತಾಕುತ್ತದೆ. ಅಡ್ಡಮಳೆಯ ಮುಂಚಿನ ಬಿರುಗಾಳಿ ಗಂಟೆಗೆ 100 ಕಿಲೋಮೀಟರ್ ಮುಟ್ಟಿದರೆ 5×6 ಅಡಿಯ ತಗಡಿನ ಮೇಲೆ ಸುಮಾರು 150 ಕೆಜಿಯ ಎತ್ತುವ ಬಲ ಬೀಳುತ್ತದೆ. ಪೂರ್ತಿ 15 ಅಡಿಗೂ ತಗಡು ಹೊದಿಸಿದರೆ ಪೆಟ್ಟಿಗೆ ಪಕ್ಕದ ಮನೆಗೆ. ಆದ್ದರಿಂದ ತಗಡು ಒಂದು ತುದಿಯ ಐದಡಿಗೆ ಮಾತ್ರ, ಉಳಿದದ್ದಕ್ಕೆ ಬೇಸಿಗೆಯಲ್ಲಿ ಬಿಚ್ಚಿ ಕಟ್ಟುವ ಶೇಡ್ ನೆಟ್. ನಾಲ್ಕು ಮೂಲೆಯಲ್ಲಿ ಮೂರಡಿ ಅಂಗಲ್ ಗೂಟ ಓರೆಯಾಗಿ ಬಡಿದು, ಎರಡು ಕೊಂಡಿ ಸಡಿಲಿರುವ ಸರಪಳಿಯಿಂದ ಕಟ್ಟಿ. ಬಿಗಿಯಾಗಿ ಕಟ್ಟಿದರೆ ಮತ್ತೆ ಕಂಬ ಹುಗಿದಂತೆಯೇ ಆಯಿತು.

ನೆಲದ ಕೆಲಸ ಪ್ಯಾನೆಲಿಗಿಂತ ಮೊದಲು. 17×8 ಅಡಿ ಜಾಗದಲ್ಲಿ ಎರೆಯನ್ನು ಒಂಬತ್ತು ಇಂಚು ಕೆದರಿ ತೆಗೆದು ಗರಸು ತುಂಬಬೇಕು. ದಿಮ್ಮಸು ಹೊಡೆದ ಮೇಲೆ ಕೂರುವುದನ್ನೂ ಸೇರಿಸಿ ಒಂದೂಕಾಲು ಬ್ರಾಸಿನಿಂದ ಒಂದೂವರೆ ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ). ಎರಡು ಪದರ, ಪ್ರತಿ ಪದರಕ್ಕೆ ನೀರು, ಪ್ರತಿ ಪದರಕ್ಕೆ ದಿಮ್ಮಸು. ಒಂದೇ ಸಲ ಸುರಿದು ಮೇಲೊಮ್ಮೆ ತಟ್ಟಿದರೆ ಮಳೆಗಾಲದಲ್ಲಿ ಪರಸಿ ಕುಸಿಯುತ್ತದೆ. ಇಲ್ಲಿ ಬಹಳ ಮಂದಿ ಎಡವುವುದು ಇನ್ನೊಂದು ಕಡೆ: ಎರೆಯಲ್ಲಿ ತೋಡಿದ ಕುಣಿ ನೀರಿಳಿಯದ ಬಾನಿ. ಗರಸಿನಿಂದ ಇಳಿದ ನೀರು ಅಡಿಯಲ್ಲೇ ನಿಂತು ಸುತ್ತಲ ಮಣ್ಣನ್ನು ಉಬ್ಬಿಸುತ್ತದೆ, ನಾಯಿಯ ಮೂತ್ರವೂ ಸೇರಿ ನಾರುತ್ತದೆ. ಕುಣಿಯ ತಳಕ್ಕೇ ಇಳಿಜಾರು ಕೊಟ್ಟು, ತಗ್ಗಿನ ಮೂಲೆಯಿಂದ ಮೂರಿಂಚಿನ ಪೈಪನ್ನು ಗಟಾರಕ್ಕೆ ಒಯ್ಯಿರಿ. ಮೇಲ್ಮೈ ಸುತ್ತಲ ನೆಲಕ್ಕಿಂತ ಮೂರಿಂಚು ಎತ್ತರವಿರಲಿ.

ಅಗೆಯುವ ನಾಯಿಗೆ ತಡೆ: ಎರಡಡಿ ಅಗಲದ ಜಾಳಿಗೆಯನ್ನು ಪ್ಯಾನೆಲಿನ ಬುಡಕ್ಕೆ ಕಟ್ಟಿ ಒಳಕ್ಕೆ ಚಪ್ಪಟೆ ಹಾಸಿ, ಮೇಲೆ ಗರಸು. ಬೇಲಿಯ ಬುಡದಲ್ಲೇ ಕೆರೆಯುವುದು ನಾಯಿಯ ಸ್ವಭಾವ, ಎರಡಡಿ ಹಿಂದೆ ಸರಿದು ಅಗೆಯುವ ಬುದ್ಧಿ ಅದಕ್ಕೆ ಹೊಳೆಯುವುದು ಅಪರೂಪ. ಮೇಲಿನ ಗರಸಿನ ಭಾರ ಪೆಟ್ಟಿಗೆಯನ್ನೂ ಹಿಡಿದಿಡುತ್ತದೆ.

ಮೇಲ್ಹಾಸಿಗೆ ಕಾಂಕ್ರೀಟ್ ಬೇಡ. ಎರೆಯ ಮೇಲೆ ಅದು ಎರಡು ವರ್ಷದಲ್ಲಿ ಬಿರಿಯುತ್ತದೆ, ಬಿರುಕು ಉಣ್ಣಿಯ ತವರು. ನಾಯಿಯ ಕಂದು ಉಣ್ಣಿ ರಕ್ತ ಕುಡಿದು ಕೆಳಗುದುರಿ ಗೋಡೆ ಹತ್ತಿ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಗೆ ಎಷ್ಟು ಔಷಧ ಹಚ್ಚಿದರೂ ಸಂದಿ ಮುಚ್ಚದಿದ್ದರೆ ಅದು ಮುಗಿಯದ ಕಥೆ. ಮಲಗುವ ತುದಿಯ ಐದಡಿಗೆ ಪಾಲಿಶ್ ಇಲ್ಲದ ಒರಟು ಶಹಾಬಾದ್ ಪರಸಿ ಹಾಸಿ, ಸಂದು ಸಿಮೆಂಟಿನಿಂದ ಮುಚ್ಚಿ, ವರ್ಷಕ್ಕೊಮ್ಮೆ ಬಿರಿದದ್ದನ್ನು ಮತ್ತೆ ತುಂಬಿ. ಸುಣ್ಣದ ಕಲ್ಲಾದ್ದರಿಂದ ಸಂಡಾಸ ತೊಳೆಯುವ ಆಸಿಡ್ ತಾಗಿಸಬಾರದು, ಮೈ ಕಿತ್ತು ಬರುತ್ತದೆ. ಉಳಿದ ಹತ್ತಡಿಗೆ ಗರಸಿನ ಮೇಲೆ ಮೂರಿಂಚು ದಪ್ಪ ಉಸುಕು, 15 ಘನ ಅಡಿ. ನೀರು ದಿನ ಬಿಟ್ಟು ದಿನ ಬರುವ ಓಣಿಗಳಲ್ಲಿ ಇದೇ ಅನುಕೂಲ, ಹೇಲು ಎತ್ತಿ ಹಾಕಿದರೆ ಸಾಕು, ತೊಳೆಯುವುದು ಪರಸಿ ಮಾತ್ರ. ಖಡಿ ಹಾಸಬೇಡಿ: ದೊಡ್ಡದು ಪಾದ ಕೊಯ್ಯುತ್ತದೆ, ಸಣ್ಣದನ್ನು ಮರಿ ನುಂಗುತ್ತದೆ. ನಾಯಿಗಳ ವೈರಾಣು ರೋಗ ಪಾರ್ವೊ ಬಂದುಹೋದ ಮನೆಯಾದರೆ ಹಳೆಯ ಉಸುಕು ಪೂರ್ತಿ ತೆಗೆಸಿ. ಪರಸಿಗೆ ಫಿನೈಲ್ ಆ ವೈರಾಣುವನ್ನು ಕೊಲ್ಲುವುದಿಲ್ಲ. ಒಂದು ಪಾಲು ದ್ರವ ಬ್ಲೀಚಿಗೆ 30 ಪಾಲು ನೀರು ಸೇರಿಸಿ ಹತ್ತು ನಿಮಿಷ ನಿಲ್ಲಿಸಿ ತೊಳೆಯಬೇಕು, ಅದೂ ಮೊದಲು ಹೊಲಸು ತೆಗೆದ ಮೇಲೆ.

ಮಲಗುವ ತುದಿ ಪಡುವಣಕ್ಕಿರಲಿ, ಆ ಬದಿ ನಾಲ್ಕಡಿವರೆಗೆ ತಗಡಿನಿಂದ ಮುಚ್ಚಿ. ಮುಂಗಾರಿನ ಇರಚಲು ಬರುವುದೂ ಅತ್ತಲಿಂದ, ಏಪ್ರಿಲ್ ಮಧ್ಯಾಹ್ನದ ಬಿಸಿಲು ಹೊಡೆಯುವುದೂ ಅತ್ತಲಿಂದ. ಬಾಗಿಲು ಮೂಡಣಕ್ಕೆ. ಮೇಲಿನ ತಗಡಿನ ಕೆಳಗೆ ನಾಲ್ಕಿಂಚು ಗಾಳಿಗೆ ಬಿಟ್ಟು ಬಿದಿರಿನ ತಟ್ಟಿ ಕಟ್ಟದಿದ್ದರೆ ಗದಗಿನ ಬೇಸಿಗೆಯಲ್ಲಿ ಅದು ನೆರಳಲ್ಲ, ಹಂಚು.

ಬಾಗಿಲು ಎರಡೂವರೆ ಅಡಿ, ಒಳಕ್ಕೆ ತೆರೆಯುವಂಥದ್ದು. ನಾಯಿ ಮುನ್ನುಗ್ಗಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಬಿಜಾಗರಿ ಮೂರು, ಕೆಳಗೆ ಎರಡಿಂಚಿನ ಸಂದು: ಹೆಚ್ಚಾದರೆ ಮರಿ ನುಸುಳುತ್ತದೆ, ಕಡಿಮೆಯಾದರೆ ಮಳೆಗಾಲದಲ್ಲಿ ಉಸುಕಿಗೆ ಕಚ್ಚುತ್ತದೆ. ಆಲ್ಡ್ರಾಪ್ (ಸರಿಸುವ ಅಗುಳಿ) ಒಂದೇ ಸಾಲದು, ಜಾಣ ನಾಯಿ ಮೂಗಿನಿಂದ ಅದನ್ನು ಎತ್ತಿ ಸರಿಸುವುದು ಕಲಿಯುತ್ತದೆ. ಅದರ ತೂತಿಗೆ ಒಂದು ಸ್ಪ್ರಿಂಗ್ ಕೊಂಡಿ ಸಿಕ್ಕಿಸಿ.

ಪ್ಯಾನೆಲಿಗೆ ಎರೆಯಲ್ಲಿ ನಾಲ್ಕೂವರೆ ಅಂಕ. ಅರ್ಧ ಕಳೆದದ್ದು ಬಣ್ಣದ ಖರ್ಚಿಗೆ: ಮೂತ್ರ ತಾಗುವ ಕೆಳಗಿನ ಒಂದಡಿಗೆ ವರ್ಷ ವರ್ಷ ಬಳಿಯಬೇಕು. ಮಸಾರಿಯಲ್ಲಿ ಮೂರೂವರೆ, ಏಕೆಂದರೆ ಅಲ್ಲಿ ಚೈನ್‌ಲಿಂಕ್ ಅದೇ ಕೆಲಸವನ್ನು ಇದಕ್ಕಿಂತ ಕಡಿಮೆ ಕಬ್ಬಿಣದಲ್ಲಿ ಮಾಡುತ್ತದೆ; ಮನೆ ಬದಲಿಸುವ ಬಾಡಿಗೆದಾರರಿಗೆ ಮಾತ್ರ ಬಿಚ್ಚಿ ಒಯ್ಯಬಹುದಾದ ಪ್ಯಾನೆಲೇ ಸೈ.

ಕೆಲಸಕ್ಕೆ ಹೊತ್ತು ದೀಪಾವಳಿ ದಾಟಿದ ಮೇಲೆ, ಎರೆ ಪೂರ್ತಿ ಉಬ್ಬಿಯೂ ಇರದ, ಬಿರಿದೂ ಇರದ ತಿಂಗಳುಗಳು. ಏಪ್ರಿಲಿನಲ್ಲಿ ಮಟ್ಟ ಹಿಡಿದು ಕೂರಿಸಿದ್ದು ಮಿರಗದ ಮಳೆಗೆ ತಪ್ಪುತ್ತದೆ. ಯಾವಾಗಲೇ ಕೂರಿಸಿರಲಿ, ಮೊದಲ ದೊಡ್ಡ ಮಳೆಯ ವಾರದ ನಂತರ ಬಾಗಿಲ ಚೌಕಟ್ಟಿನ ಎರಡೂ ಕರ್ಣ ಟೇಪಿನಿಂದ ಅಳೆಯಿರಿ. ಕಾಲಿಂಚಿಗಿಂತ ಹೆಚ್ಚು ಫರಕು ಬಂದರೆ ಬಾಗಿಲ ಅಕ್ಕಪಕ್ಕದ ಸಂದಿಗಳ ಬೋಲ್ಟ್ ಸಡಿಲಿಸಿ, ತಗ್ಗಿದ ಮೂಲೆಗೆ ಚಕ್ಕೆ ಕೊಟ್ಟು, ಮತ್ತೆ ಬಿಗಿಯಿರಿ. ಹಾರಿ, ಪಾನ, ಇಬ್ಬರು ಆಳು, ಅರ್ಧ ತಾಸು.